ತವರಿನ ತಗ್ಗು

ಹಲ್ಲು ಸುಳ್ಳು ಹೇಳುವುದಿಲ್ಲ ಎಂದು ಸಭೆಯಲ್ಲಿ ಮೊದಲು ಹೇಳಿದವಳು ನೀಲಗಂಗಾಳೇ. ಆಮೇಲೆ ನೆಲೆ ಮಂತ್ರಿಗಳು ಆ ಮಾತನ್ನು ತಮ್ಮದೇ ಎಂಬಂತೆ ಊರೆಲ್ಲ ಹೇಳಿಕೊಂಡು ತಿರುಗಿದರು, ಬಸ್ಸುಗಳ ಬೆನ್ನಿಗೆ ಬರೆಸಿದರು, ಶಾಲೆಯ ಮಕ್ಕಳಿಂದ ಹಾಡಿಸಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ಗಾದೆ. ನೀಲಗಂಗಾಳ ಮಾತು ಎಲ್ಲಿಗೂ ಹೋಗಲಿಲ್ಲ. ಅದು ಕಾಯ್ದೆಯಾಗಿ ಕಡವಿನಕೋಟೆಯಲ್ಲೇ ಕೂತುಬಿಟ್ಟಿತು.

ಕಡವಿನಕೋಟೆ ಸಮುದ್ರದ ಮಟ್ಟಕ್ಕಿಂತ ಕೆಳಗಿರುವ ಊರು. ಕಡಲು ಏರುತ್ತ ಬಂದ ವರ್ಷಗಳಲ್ಲಿ ಅದರ ಸುತ್ತ ಹನ್ನೊಂದು ಕಿಲೋಮೀಟರ್ ಗೋಡೆ ಎದ್ದಿತು. ಕಟ್ಟಿದವರು ಘಟ್ಟದ ಮೇಲಿನ ಬಯಲಿನವರು. ಅಲ್ಲಿ ಬೇಸಿಗೆ ಐವತ್ತೆರಡು ಡಿಗ್ರಿ ಮುಟ್ಟತೊಡಗಿದಾಗ ಅವರು ಸಂಸಾರ ಕಟ್ಟಿಕೊಂಡು ಇಳಿದು ಬಂದರು, ತಂತಿಯ ಬಲೆಗೆ ಕಲ್ಲು ತುಂಬಿ ಕಡಲನ್ನು ತಡೆದರು, ಗೋಡೆಯ ಬುಡದಲ್ಲೇ ಸಾಲುಮನೆ ಹಾಕಿಕೊಂಡು ನಿಂತರು. ಆ ಓಣಿಗಳಿಗೆ ಗೋಡೆಕೇರಿ ಎಂದು ಹೆಸರಾಯಿತು. ಗೋಡೆ ಮುಗಿದದ್ದೇ ತಡ, ಊರಿನವರ ಕಣ್ಣಿಗೆ ಜನ ಹೆಚ್ಚಾದಂತೆ ಕಂಡಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?

ಊರ ನಡುವಿನ ಚೌಕದಲ್ಲಿ ಒಂದು ಫಲಕ ನಿಲ್ಲಿಸಿದರು. ಆ ವರ್ಷ ಊರಿಗೆ ಬಂದವರ ಲೆಕ್ಕದಲ್ಲಿ ಊರು ಬಿಟ್ಟವರನ್ನು ಕಳೆದರೆ ಉಳಿಯುವ ಸಂಖ್ಯೆ ಅದರ ಮೇಲೆ ಕೆಂಪು ದೀಪದಲ್ಲಿ ಉರಿಯುತ್ತಿತ್ತು. ನಿವ್ವಳ ವಲಸೆ ಎಂದು ಅದರ ಹೆಸರು. ಜನ ಕ್ರಿಕೆಟ್ ಸ್ಕೋರ್ ನೋಡುವ ಹಾಗೆ ಅದನ್ನು ನೋಡುತ್ತಿದ್ದರು, ಇಳಿದಷ್ಟೂ ಖುಷಿ. ನಲವತ್ತು ಸಾವಿರ ಇದ್ದದ್ದು ಹನ್ನೆರಡು ಸಾವಿರಕ್ಕೆ ಬಂತು, ಮೂರು ಸಾವಿರಕ್ಕೆ ಬಂತು. ಸೊನ್ನೆಗಿಂತ ಕೆಳಗೆ ಇಳಿಸುತ್ತೇನೆ ಎಂದು ಮಂತ್ರಿಗಳು ಮಾತು ಕೊಟ್ಟರು. ಕೊಟ್ಟ ಮಾತಿಗೆ ಹೊಸ ನಿಯಮ ಬೇಕಿತ್ತು. ಕಾಗದಪತ್ರಗಳನ್ನು ಯಾರು ಬೇಕಾದರೂ ಸೃಷ್ಟಿಸುತ್ತಾರೆ, ಸೃಷ್ಟಿಸಲಾಗದ ಪುರಾವೆ ಕೊಡಿ ಎಂದು ಅವರು ನೆಲೆ ಪರೀಕ್ಷಾಲಯವನ್ನು ಕೇಳಿದರು. ಗೋಡೆಕೇರಿಯ ನೀಲಗಂಗಾ ಅಲ್ಲಿ ಯಂತ್ರ ನಡೆಸುವವಳು.

ಅವಳು ಹೇಳಿದ್ದರಲ್ಲಿ ವಿಜ್ಞಾನದ ತಪ್ಪೇನೂ ಇರಲಿಲ್ಲ. ಕೂಸಿನ ಹಾಲುಹಲ್ಲು ತಾಯಿಯ ಹೊಟ್ಟೆಯಲ್ಲೇ ಕಟ್ಟತೊಡಗುತ್ತದೆ. ತಾಯಿ ಕುಡಿದ ನೀರಿನಲ್ಲಿ ಸ್ಟ್ರಾನ್ಷಿಯಂ ಎಂಬ ಲೋಹ ಲವಲೇಶ ಇರುತ್ತದೆ. ಅದು ಸುಣ್ಣದ ಅಂಶದ ಜೊತೆ ನುಸುಳಿ ಹಲ್ಲಿನ ಮೇಲುಹೊದಿಕೆಯಲ್ಲಿ ಪದರು ಪದರಾಗಿ ಕೂರುತ್ತದೆ, ಕೂತದ್ದು ಮತ್ತೆ ಕದಲುವುದಿಲ್ಲ. ಈ ಲೋಹದಲ್ಲಿ ಹಗುರ ಕಣಗಳೂ ಭಾರದ ಕಣಗಳೂ ಇರುತ್ತವೆ. ಬಯಲಿನ ಬಂಡೆಯೊಳಗಿನ ಬೋರ್‌ವೆಲ್ ನೀರಿನಲ್ಲಿ ಅವುಗಳ ಪ್ರಮಾಣ ಒಂದು, ಕಡಲಿನದು ಇನ್ನೊಂದು. ಕಡವಿನಕೋಟೆ ಕುಡಿಯುವುದು ಉಪ್ಪು ತೆಗೆದು ಚಿಪ್ಪುಸುಣ್ಣ ಬೆರೆಸಿದ ಕಡಲ ನೀರನ್ನೇ. ಹಾಗಾಗಿ ದವಡೆಯ ಹಾಲುಹಲ್ಲಿಗೆ ಲೇಸರ್ ಕಿರಣ ಸೋಕಿಸಿ ಧೂಳಿನಷ್ಟು ಕೆರೆದರೆ ಸಾಕು, ಹೊಟ್ಟೆಯ ಐದನೇ ತಿಂಗಳಿಂದ ಕೂಸಿಗೆ ವರ್ಷ ತುಂಬುವವರೆಗೆ ತಾಯಿ ಮಗು ಎಲ್ಲಿಯ ನೀರು ಕುಡಿದರೆಂದು ಯಂತ್ರ ತಿಂಗಳು ತಿಂಗಳಿಗೆ ಗೆರೆ ಎಳೆದು ತೋರಿಸುತ್ತದೆ. ಪ್ರಯೋಗಕ್ಕೆಂದು ಗೋಡೆಕೇರಿಯ ತಾಯಂದಿರನ್ನು ಕರೆದಾಗ ಅವರು ಕಂಕುಳಲ್ಲಿದ್ದ ಕಿರಿಯ ಮಕ್ಕಳನ್ನು ಎತ್ತಿಕೊಂಡು ಬಂದರು, ಹಿರಿಯವು ಶಾಲೆಗೆ ಹೋಗಿದ್ದವು. ನೀಲಗಂಗಾ ಕೂಡ ತನ್ನ ಕಿರಿಮಗಳು ತುಂಗಿಯನ್ನೇ ಕೂರಿಸಿದಳು. ಎಲ್ಲರ ಗೆರೆಯೂ ಕಡಲಿನ ಗೆರೆಯ ಮೇಲೆ ನೇರವಾಗಿ ಮಲಗಿತು. ಅವಳು ಹೆಮ್ಮೆಯಿಂದ ವರದಿ ಬರೆದಳು, ತುಂಗಿಗೆ ಊರಿನಲ್ಲಿರಲು ಹಕ್ಕು ಕೊಡುವ ನೆಲೆಪತ್ರವೂ ಅಲ್ಲೇ ಸಿಕ್ಕಿತು.

ಕಾಯ್ದೆ ಬಂತು. ಗೋಡೆಕೇರಿಯ ಹನ್ನೊಂದು ವರ್ಷದೊಳಗಿನ ಮಕ್ಕಳ ಕೆಳಸಾಲಿನ ಎಡದವಡೆ ಹಲ್ಲನ್ನು ಓದಬೇಕು. ಗೆರೆ ಒಂದು ತಿಂಗಳಷ್ಟು ಕದಲಿದರೂ ಆ ಮಗು ಹೊರಗಿನದು. ಅದನ್ನು ಘಟ್ಟದ ಮೇಲಿನ ಮೂಲನೆಲೆ ಶಿಬಿರಕ್ಕೆ ಕಳಿಸಬೇಕು. ತಾಯಿತಂದೆ ಜೊತೆಗೆ ಹೋಗುವಂತಿಲ್ಲ. ಏಕೆಂದರೆ ಹೊಸಬರು ಬರುವುದು ನಿಂತು ಗೋಡೆಗೆ ಆಳುಗಳೇ ಸಿಗುತ್ತಿರಲಿಲ್ಲ, ಹತ್ತು ಜನ ಹಿಡಿಯಬೇಕಾದ ಬಲೆಯನ್ನು ನಾಲ್ಕು ಜನ ಹಿಡಿಯುತ್ತಿದ್ದರು. ಆದ್ದರಿಂದ ಗೋಡೆಯ ಕೆಲಸದವರು ಊರು ಬಿಡಬಾರದೆಂದು ಇನ್ನೊಂದು ಆಜ್ಞೆ. ದುಡಿಯುವ ದೊಡ್ಡವರು ಒಳಗಿರಲಿ, ತಿನ್ನುವ ಮಕ್ಕಳು ಹೊರಗೆ ಹೋಗಲಿ. ಇಷ್ಟು ಸರಳವಾದ ನ್ಯಾಯವನ್ನು ಕಂಡುಹಿಡಿಯಲು ಅವರಿಗೆ ಒಂಬತ್ತು ಸಭೆಗಳು ಬೇಕಾದವು.

ಮೊದಲ ವಾರ ನಲವತ್ತೊಂದು ಮಕ್ಕಳು ಬಂದರು. ಮೊದಲ ಮಗುವಿನ ಗೆರೆ ಏಳನೇ ತಿಂಗಳವರೆಗೆ ಕಡಲಿನ ಮೇಲೆ ನೇರವಾಗಿ ಬಂದು ಅಲ್ಲಿ ಧಡಕ್ಕನೆ ಕುಸಿಯಿತು. ಏಳೆಂಟು ತಿಂಗಳು ಕೆಳಗೇ ಹರಿದು ಮತ್ತೆ ಮೇಲೆದ್ದು ಕಡಲನ್ನು ಸೇರಿತು. ಎರಡನೆಯದಕ್ಕೂ ಅದೇ ತಗ್ಗು, ಮೂರನೆಯದಕ್ಕೂ ಅದೇ. ನೀಲಗಂಗಾ ಯಂತ್ರದ ಮೂತಿಯನ್ನು ಎರಡು ಸಲ ತೊಳೆದಳು, ಕಿರಣದ ಅಳತೆ ಸರಿಪಡಿಸಿದಳು, ಬೇರೆ ಯಂತ್ರದಲ್ಲಿಟ್ಟು ನೋಡಿದಳು. ವಾರ ಮುಗಿದಾಗ ಮೂವತ್ತೊಂದು ಮಕ್ಕಳ ಹಲ್ಲಿನಲ್ಲಿ ಒಂದೇ ಜಾಗದಲ್ಲಿ ಒಂದೇ ಅಗಲದ ತಗ್ಗು ಬಿದ್ದಿತ್ತು. ಯಂತ್ರ ಕೆಟ್ಟಿದ್ದರೆ ಎಲ್ಲರಿಗೂ ಬೀಳಬೇಕಿತ್ತಲ್ಲ, ಹತ್ತು ಮಕ್ಕಳಿಗೆ ಏಕಿಲ್ಲ ಎಂದು ಅವಳು ತಲೆ ಕೆಡಿಸಿಕೊಂಡು ಮನೆಗೆ ಬಂದಳು.

ಅತ್ತೆ ತಿಪ್ಪವ್ವ ಹೊಸ್ತಿಲಲ್ಲಿ ಕೂತು ನೀಲಗಂಗಾಳ ಹಿರಿಮಗಳು ನಿಂಬಿಯ ತಲೆಗೆ ಎಣ್ಣೆ ತಿಕ್ಕುತ್ತಿದ್ದಳು. ನಿಂಬಿಗೆ ಒಂಬತ್ತು ವರ್ಷ, ತುಂಗಿಗೆ ಆರು. ನೀಲಗಂಗಾ ರೊಟ್ಟಿಗೆ ಹಿಟ್ಟು ನಾದುತ್ತ, ದೊಡ್ಡ ಮಕ್ಕಳಿಗೆಲ್ಲ ಯಂತ್ರ ಹೀಗೇಕೆ ಬರೆಯುತ್ತದೋ, ಸಣ್ಣವಕ್ಕೆ ಸರಿಯಾಗಿ ಬರೆಯುತ್ತದೆ ಎಂದು ತನ್ನಷ್ಟಕ್ಕೇ ಗೊಣಗಿದಳು. ಏಳನೇ ತಿಂಗಳಿಂದ ಕೂಸಿಗೆ ಐದು ತಿಂಗಳಾಗುವ ತನಕ ಬಯಲಿನ ನೀರು ತೋರಿಸುತ್ತದೆ ಎಂದಳು. ತಿಪ್ಪವ್ವ ನಕ್ಕುಬಿಟ್ಟಳು.

"ಇಷ್ಟೆಲ್ಲಾ ಓದೀದಿ, ಇದು ತಿಳೀವಲ್ದೇನ ನಿನಗ? ಚೊಚ್ಚಲ ಬಾಣಂತನಾ ತವರ್‍ಯಾಗಲ್ಲದ ಮತ್ತೆಲ್ಲಿ ಮಾಡ್ತಾರವಾ? ಏಳರಾಗ ಕರಕೊಂಡು ಹೋಗ್ತಾರ, ಐದರಾಗ ತೊಟ್ಟಲಾ ಹೊರಸಿ ಕಳಸ್ತಾರ. ಎರಡನೇದು ಗಂಡನ ಮನ್ಯಾಗ."

ನೀಲಗಂಗಾಳ ಕೈ ಹಿಟ್ಟಿನಲ್ಲೇ ನಿಂತಿತು. ಅವಳಪ್ಪ ಏಳನೇ ತಿಂಗಳಲ್ಲಿ ಕುಪ್ಪಸದ ಖಣ ತಂದು ಅವಳನ್ನು ಕರೆದುಕೊಂಡು ಹೋಗಿದ್ದ. ಬೇಸಿಗೆ ಎಷ್ಟೇ ಸುಟ್ಟರೂ ಆಗಿನ್ನೂ ಬಯಲಿನಲ್ಲಿ ಒಂದಿಷ್ಟು ಜನ ಉಳಿದಿದ್ದರು. ಅವ್ವ ಬೋರಿನ ನೀರು ಕಾಯಿಸಿ ಕುಡಿಸುತ್ತಿದ್ದಳು, ಗಡಸು ನೀರು ಎಲುಬಿಗೆ ಒಳ್ಳೆಯದು ಎನ್ನುತ್ತಿದ್ದಳು. ಅವ್ವ ಈಗಿಲ್ಲ, ಆ ಊರಿನಲ್ಲಿ ನಾಯಿ ಕೂಡ ಇಲ್ಲ. ಆ ನೀರು ಮಾತ್ರ ನಿಂಬಿಯ ಬಾಯಲ್ಲಿದೆ. ಇಷ್ಟು ದಿನ ಕೇರಿಯ ಮಕ್ಕಳ ಹಲ್ಲುಗಳ ಲೆಕ್ಕ ಮಾಡಿದವಳಿಗೆ ತಾನು ಹೆತ್ತದ್ದೆಲ್ಲಿ ಎಂಬುದು ನೆನಪಾಗಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು.

ಮಾರನೆಯ ದಿನ ಅವಳು ಪರೀಕ್ಷಾಲಯದ ಮುಖ್ಯಸ್ಥ ಪಡಿಯಾರರ ಮುಂದೆ ನಿಂತು ಎಲ್ಲ ಹೇಳಿದಳು. ಪಡಿಯಾರರು ಕರಾವಳಿಯ ಹಳೆಯ ಮನೆತನದವರು, ಕೆಟ್ಟವರಲ್ಲ, ಆದರೆ ಒಳ್ಳೆಯತನಕ್ಕಾಗಿ ಯಾವತ್ತೂ ಕುರ್ಚಿಯಿಂದ ಎದ್ದವರೂ ಅಲ್ಲ. ಅವರು ಕಾಗದಗಳನ್ನು ತಿರುವಿ ಹಾಕಿ, ತವರಿಗೆ ಹೋದದ್ದಕ್ಕೆ ವಿನಾಯಿತಿ ಕೇಳಿ ಮಂತ್ರಿಗಳಿಗೆ ಬರೆದರು. ಸಂಜೆಯೊಳಗೆ ಉತ್ತರ ಬಂತು. ಯಂತ್ರ ಸರಿಯಿದೆಯೇ, ಸರಿಯಿದೆ. ಮಗು ಆ ತಿಂಗಳುಗಳಲ್ಲಿ ಇಲ್ಲಿತ್ತೇ, ಇರಲಿಲ್ಲ. ಹಾಗಾದರೆ ಕೇಳುವುದೇನಿದೆ? ಅದೇ ಸಂಜೆ ಮೂವತ್ತೊಂದು ಮಕ್ಕಳನ್ನು ಕಳೆಯುವ ಲೆಕ್ಕಕ್ಕೆ ಹಾಕಿದರು. ಅಷ್ಟರಲ್ಲಿ ಇಪ್ಪತ್ತೈದಕ್ಕೆ ಬಂದು ನಿಂತಿದ್ದ ಚೌಕದ ಫಲಕ ಸೊನ್ನೆಗಿಂತ ಆರು ಕೆಳಗೆ ಇಳಿಯಿತು. ಜನ ಪಟಾಕಿ ಹೊಡೆದರು, ಅಂಗಡಿಯವರು ಜಿಲೇಬಿ ಹಂಚಿದರು.

ಮೂರನೆಯ ದಿನ ಬೆಳಿಗ್ಗೆ ಎಂಟಕ್ಕೆ ಗೋಡೆಕೇರಿಗೆ ನಾಲ್ಕು ಲಾರಿ ಬಂದವು. ಜೊತೆಗೆ ನೆಲೆ ಪಡೆಯ ಅರವತ್ತು ಜನ, ಕೈಯಲ್ಲಿ ತುದಿಗೆ ಕಬ್ಬಿಣದ ಬಳೆ ಹಾಕಿದ ಲಾಠಿ. ಮೊದಲ ಮನೆಯಿಂದ ಹುಡುಗಿಯೊಬ್ಬಳನ್ನು ಎಳೆದಾಗ ಅವಳು ಬಾಗಿಲ ಚೌಕಟ್ಟನ್ನು ಬಿಡಲಿಲ್ಲ. ಪಡೆಯವನೊಬ್ಬ ಅವಳ ಬೆರಳುಗಳ ಮೇಲೆ ಲಾಠಿ ಬೀಸಿದ. ಬೆರಳು ಮುರಿದ ಸದ್ದಿಗೆ ಇಡೀ ಓಣಿ ಹೊರಗೆ ಬಂತು. ಗೋಡೆಗೆಂದು ಒಟ್ಟಿದ್ದ ಕಲ್ಲುಗಳು ಲಾರಿಗಳ ಮೇಲೆ ಬಿದ್ದವು. ಒಬ್ಬ ಪಡೆಯವನ ದವಡೆ ಒಡೆದು ನೇತಾಡಿತು, ಇನ್ನೊಬ್ಬನನ್ನು ಹೆಂಗಸರು ನೆಲಕ್ಕೆ ಕೆಡವಿ ಒನಕೆಯಿಂದ ಬಡಿದರು. ಆಮೇಲೆ ಪಡೆಯವರು ಸಾಲಾಗಿ ನಿಂತು ಒಂದೇ ಸಮನೆ ಮುಂದೆ ಬಂದರು. ಲಾಠಿ ತಲೆಗೆ ತಾಗಿದಾಗ ಹಸಿ ಕುಂಬಳಕಾಯಿ ಬಿದ್ದು ಒಡೆದಂತೆ ಸದ್ದಾಗುತ್ತಿತ್ತು. ನೀಲಗಂಗಾ ಮಕ್ಕಳಿಬ್ಬರನ್ನೂ ಹಿಂದಿನ ಕೋಣೆಗೆ ನೂಕಿ ಕಿಟಕಿಯಲ್ಲಿ ನಿಂತಿದ್ದಳು.

ಅವಳ ಗಂಡ ಮುದಕಪ್ಪ ಗೋಡೆಯ ಕೆಲಸದ ಮೇಸ್ತ್ರಿ, ಸಾಧು ಮನುಷ್ಯ, ಕೈಮುಗಿದು ಎರಡು ಗುಂಪಿನ ನಡುವೆ ಹೋದ. ಮುಗಿದ ಕೈಯ ಮೇಲೇ ಏಟು ಬಿತ್ತು. ಬಲಗೈ ಮಣಿಕಟ್ಟಿನಿಂದ ಕೆಳಗೆ ಜಜ್ಜಿಹೋಯಿತು. ಬಿದ್ದವನ ತಲೆಗೆ ಮೂರು ಜನ ಲಾಠಿ ಎತ್ತಿದಾಗ ಪಕ್ಕದ ಮನೆಯ ರಾಜೇಸಾಬ ಓಡಿಬಂದು ಅವನ ಮೇಲೆ ಕವುಚಿ ಮಲಗಿದ. ರಾಜೇಸಾಬ ಮುದಕಪ್ಪನ ಜೊತೆ ಹನ್ನೆರಡು ವರ್ಷ ಒಂದೇ ಬಲೆ ಹಿಡಿದವನು. ಏಟುಗಳೆಲ್ಲ ಅವನ ಬೆನ್ನಿಗೆ, ಕತ್ತಿಗೆ, ತಲೆಗೆ ಬಿದ್ದವು. ಲಾರಿಗಳು ಮೂವತ್ತೊಂದು ಮಕ್ಕಳನ್ನು ತುಂಬಿಕೊಂಡು ಹೋದ ಮೇಲೆ ಅವನನ್ನು ಎತ್ತಿದರೆ ತಲೆಯ ಹಿಂಭಾಗ ಮೆತ್ತಗಿತ್ತು. ಮಧ್ಯಾಹ್ನದ ಹೊತ್ತಿಗೆ ಅವನ ಹೆಂಡತಿ ಮಾಬೂಬಿಯ ಮಡಿಲಲ್ಲಿ ಸತ್ತ. ಮಗಳು ಪ್ಯಾರಿಮಾ, ಎಂಟು ವರ್ಷದವಳು, ಅವಳೊಬ್ಬಳೇ ಅವರ ಮಗು, ತಂದೆಯ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದಳು.

ಶಿಬಿರದ ಸುದ್ದಿ ಹತ್ತು ದಿನದಲ್ಲಿ ಇಳಿದು ಬಂತು. ತಗಡಿನ ಚಪ್ಪರ, ಟ್ಯಾಂಕರ್ ನೀರು, ಮಧ್ಯಾಹ್ನ ಐವತ್ತು ಡಿಗ್ರಿ. ಮೂವತ್ತೊಂದರಲ್ಲಿ ಆರು ಮಕ್ಕಳು ಆಗಲೇ ಸತ್ತಿದ್ದವು. ಅದನ್ನು ಕೇಳಿದ ಮೇಲೆ ಗೋಡೆಕೇರಿಯ ತಾಯಿತಂದೆಯರು ಇಕ್ಕಳ ಹಿಡಿದರು. ಓದಲು ಹಲ್ಲೇ ಇಲ್ಲದಿದ್ದರೆ ಏನು ಓದುತ್ತಾರೆ ಎಂದು ಹಿರಿಯ ಮಕ್ಕಳ ದವಡೆ ಹಲ್ಲು ಕಿತ್ತರು. ಮೂರು ದಿನ ಓಣಿಯಲ್ಲಿ ಮಕ್ಕಳ ಚೀರಾಟ ನಿಲ್ಲಲಿಲ್ಲ, ಬಚ್ಚಲು ಮೋರಿಗಳಲ್ಲಿ ಕೆಂಪು ನೀರು ಹರಿಯಿತು. ನಾಲ್ಕನೆಯ ದಿನ ತಿದ್ದುಪಡಿ ಬಂತು: ಆ ಹಲ್ಲು ಇಲ್ಲದ ಮಗು ಹೊರಗಿನದು. ಹಲ್ಲು ಕಿತ್ತ ಹದಿನಾರು ಮಕ್ಕಳನ್ನೂ ಲಾರಿಗೆ ಹತ್ತಿಸಿದರು. ಉದುರಿದ ಹಲ್ಲನ್ನು ಅಂಟಿಸಿಕೊಂಡು ಬಂದವರೂ ಸಿಕ್ಕಿಬಿದ್ದರು. ಹಲ್ಲಿನೊಳಗಿನ ತಿರುಳು ಹಸಿಯಾಗಿದೆಯೇ ಎಂದು ಯಂತ್ರ ಮೊದಲು ನೋಡುತ್ತದೆ, ಒಣಗಿದ ಹಲ್ಲನ್ನು ಅದು ಓದುವುದೇ ಇಲ್ಲ.

ಗೋಡೆಕೇರಿಯವರಿಗೆ ನೀಲಗಂಗಾ ಏನು ಕೆಲಸ ಮಾಡುತ್ತಾಳೆಂದು ಗೊತ್ತಿರಲಿಲ್ಲವೆಂದೇನಲ್ಲ. ಇಷ್ಟು ದಿನ ನಮ್ಮವಳು ಕೋಟು ಹಾಕಿಕೊಂಡು ಯಂತ್ರದ ಮುಂದೆ ಕೂರುತ್ತಾಳೆ ಎಂದು ಬೀಗುತ್ತಿದ್ದರು. ಈಗ ನಲ್ಲಿಯ ಹತ್ತಿರ ಅವಳ ಕೊಡವನ್ನು ಒದ್ದರು. ಒಬ್ಬಳು ಮುಖಕ್ಕೆ ಉಗುಳಿದಳು. ಹಲ್ಲು ಕೀಳಿಸಿಕೊಂಡ ಮಗಳನ್ನು ಕಳೆದುಕೊಂಡ ತಾಯಿಯೊಬ್ಬಳು ಸೀರೆಯ ಸೆರಗಿನಲ್ಲಿ ಕಲ್ಲು ಕಟ್ಟಿಕೊಂಡು ಬಂದು ಅವಳ ಹಣೆಗೆ ಬೀಸಿದಳು, ನಾಲ್ಕು ಹೊಲಿಗೆ ಬಿದ್ದವು. ನೀಲಗಂಗಾ ಕೈ ಅಡ್ಡ ಹಿಡಿಯಲಿಲ್ಲ. ಅವರ ಜಾಗದಲ್ಲಿ ತಾನಿದ್ದರೂ ಅದನ್ನೇ ಮಾಡುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು. ಮಾಬೂಬಿ ಮಾತ್ರ ನಲ್ಲಿಯ ಹತ್ತಿರ ಬರಲಿಲ್ಲ. ಅವಳು ಇದ್ದತ್ತಿಗೆ ಕೂತಿದ್ದಳು, ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟಬಾರದು.

ನಿಂಬಿಯ ಹೆಸರಿಗೆ ನೋಟೀಸು ಬಂತು. ಗುರುವಾರ ಬೆಳಿಗ್ಗೆ ಹತ್ತು ಗಂಟೆ. ಸ್ವಂತ ಮಗಳಾದ್ದರಿಂದ ಯಂತ್ರ ನೀಲಗಂಗಾ ಮುಟ್ಟುವಂತಿಲ್ಲ, ಪಡಿಯಾರರೇ ನಡೆಸುತ್ತಾರೆ ಎಂದು ಅದರಲ್ಲಿ ಬರೆದಿತ್ತು.

ಎರಡು ದಿನ ಅವಳು ಯೋಚಿಸಿದಳು. ಯಂತ್ರದ ಲೆಕ್ಕ ತಿದ್ದಲು ಬರುವುದಿಲ್ಲ, ಅದಕ್ಕೆ ಮಂತ್ರಿಗಳ ಕಚೇರಿಯ ಬೀಗ. ಆದರೆ ಯಂತ್ರಕ್ಕೆ ಗೊತ್ತಿಲ್ಲದ್ದು ಒಂದಿತ್ತು. ಅದು ಹಲ್ಲನ್ನು ಓದುತ್ತದೆ, ಹಲ್ಲು ಯಾರದ್ದೆಂದು ಓದುವುದಿಲ್ಲ. ಕಿತ್ತ ಹಲ್ಲಿನ ತಿರುಳು ಎರಡು ದಿನ ಹಸಿಯಾಗಿರುತ್ತದೆ. ಮನೆಯಲ್ಲಿ ತವರಿಗೆ ಹೋಗದೆ ಹುಟ್ಟಿದ ಮಗು ಇನ್ನೊಂದಿದೆ, ಅದರ ಬಾಯಲ್ಲಿ ಕಡಲ ನೀರಿನ ಹಲ್ಲಿದೆ, ಅದರ ಪರೀಕ್ಷೆ ಮುಗಿದು ನೆಲೆಪತ್ರ ಪೆಟ್ಟಿಗೆಯಲ್ಲಿದೆ. ಇದು ಹೊಳೆದ ಮೇಲೆ ಅವಳು ಪೆಟ್ಟಿಗೆ ತೆಗೆದು ತುಂಗಿಯ ನೆಲೆಪತ್ರವನ್ನು ಮತ್ತೊಮ್ಮೆ ಓದಿದಳು. ಪೆಟ್ಟಿಗೆ ಮುಚ್ಚಿ ಗಂಡನಿಗೂ ಅತ್ತೆಗೂ ಹೇಳಿದಳು. ಮುದಕಪ್ಪ ಇಕ್ಕಳ ಎಲ್ಲಿದೆ ಎಂದು ಕೇಳಿದ.

ಬುಧವಾರ ಮಧ್ಯಾಹ್ನ ಊಟವಾದ ಮೇಲೆ ಬಾಗಿಲು ಹಾಕಿದರು. ಬಲೆಯ ತಂತಿ ಬಿಗಿಯುವ ಇಕ್ಕಳವನ್ನು ನೀರಿನಲ್ಲಿ ಕುದಿಸಿದರು. ಮೊದಲು ನಿಂಬಿ. ಅವಳ ಹಲ್ಲಿನ ಬೇರು ವಯಸ್ಸಿಗೆ ತಕ್ಕಂತೆ ಅರ್ಧ ಕರಗಿತ್ತು, ಎರಡು ಎಳೆತಕ್ಕೆ ಬಂತು. ನಿಂಬಿ ಬಾಯಲ್ಲಿ ಬಟ್ಟೆ ಕಚ್ಚಿಕೊಂಡು ಮೂಲೆಯಲ್ಲಿ ಕೂತಳು, ಕಣ್ಣೀರು ಇಳಿಯುತ್ತಿತ್ತು, ಸದ್ದಿರಲಿಲ್ಲ.

ತುಂಗಿಯನ್ನು ತಿಪ್ಪವ್ವ ಮಡಿಲಲ್ಲಿ ಮಲಗಿಸಿಕೊಂಡು ತಲೆಯನ್ನು ಮೊಣಕಾಲುಗಳ ನಡುವೆ ಹಿಡಿದಳು. ಮುದಕಪ್ಪ ಎಡಗೈಯೊಂದರಲ್ಲೇ ಅವಳ ಕಾಲುಗಳನ್ನು ಒತ್ತಿಹಿಡಿದ.

"ಅಕ್ಕಗ ನನ್ನ ಹಲ್ಲ ಯಾಕವ್ವಾ?" ಎಂದು ತುಂಗಿ ಕೇಳಿದಳು.

"ಅಕ್ಕನ್ನ ಲಾರ್‍ಯಾಗ ಒಯ್ಯಬಾರದಂತ. ಒಂದs ಹಲ್ಲವಾ. ಮತ್ತ ಹುಟ್ಟತೈತಿ," ಎಂದಳು ನೀಲಗಂಗಾ.

ತುಂಗಿ ತಾನಾಗಿಯೇ ಬಾಯಿ ತೆರೆದಳು. ಲವಂಗದ ಎಣ್ಣೆ ಹಚ್ಚಿ ನೀಲಗಂಗಾ ಇಕ್ಕಳ ಹಾಕಿದಳು. ಆರು ವರ್ಷದ ಮಗುವಿನ ದವಡೆ ಹಲ್ಲಿಗೆ ಬೇರು ಗಟ್ಟಿ, ಎರಡೂ ಕಡೆ ಕಾಲು ಅಗಲಿಸಿ ನಿಂತಿರುತ್ತದೆ. ಮೊದಲ ಎಳೆತಕ್ಕೆ ಅದು ಕದಲಲಿಲ್ಲ. ಎರಡನೆಯದಕ್ಕೆ ತುಂಗಿ ಒದರಿದಳು. ಆ ಕೂಗನ್ನು ನೀಲಗಂಗಾ ಇಬ್ಬರನ್ನು ಹೆರುವಾಗಲೂ ತನ್ನ ಬಾಯಿಂದ ಕೇಳಿರಲಿಲ್ಲ. ಇಕ್ಕಳ ಜಾರಿತು, ಒಸಡು ಹರಿಯಿತು, ಬಾಯಿ ತುಂಬ ರಕ್ತ. ಮಗು ತಾಯಿಯ ತೋರುಬೆರಳನ್ನು ಎಲುಬಿಗೆ ಮುಟ್ಟುವ ಹಾಗೆ ಕಚ್ಚಿತು. ನೀಲಗಂಗಾ ಬೆರಳನ್ನು ಬಿಡಿಸಿಕೊಳ್ಳಲಿಲ್ಲ, ಅದನ್ನೇ ಬಾಯಿಗೆ ಅಡ್ಡಗೊಟ್ಟು ಇನ್ನೊಂದು ಕೈಯಿಂದ ಇಕ್ಕಳ ತಿರುವಿದಳು, ಒಳಕ್ಕೆ, ಹೊರಕ್ಕೆ, ಒಳಕ್ಕೆ. ದವಡೆಯಲ್ಲಿ ಏನೋ ಕಿತ್ತ ಸದ್ದಾಯಿತು. ಹಲ್ಲು ಎರಡು ಬೇರಿನ ಸಮೇತ ಹೊರಗೆ ಬಂತು. ತಿಪ್ಪವ್ವನ ಸೀರೆ ಮೊಣಕಾಲಿನವರೆಗೆ ತೊಯ್ದಿತ್ತು.

ಅಳುವುದಕ್ಕೆ ಸಮಯವಿರಲಿಲ್ಲ. ಬೇರಿನ ತುದಿಯನ್ನು ಅರದಿಂದ ಸವರಿ, ಹಲ್ಲನ್ನು ನಿಂಬಿಯ ಒಸಡಿನ ಗಾಯದಲ್ಲಿ ಊರಿ, ಪರೀಕ್ಷಾಲಯದಿಂದ ಕದ್ದು ತಂದ ಅಂಟು ಹಾಕಿ, ಪಕ್ಕದ ಹಲ್ಲಿಗೆ ತೆಳು ತಂತಿಯಲ್ಲಿ ಕಟ್ಟಿದಳು. ಬೆಳಗಾಗುವುದರೊಳಗೆ ಅದು ಬಿಗಿಯಾಗಿ ಕೂತಿತು. ತಂತಿ ಬಿಚ್ಚಿದಳು.

ಗುರುವಾರ ಪರೀಕ್ಷಾಲಯದಲ್ಲಿ ನಿಂಬಿ ಕುರ್ಚಿಯ ಮೇಲೆ ಕೂತು ಬಾಯಿ ತೆರೆದಳು. ಪಡಿಯಾರರು ಬಗ್ಗಿ ನೋಡಿದರು. ಒಸಡು ಬಾತಿತ್ತು, ಹಲ್ಲಿನ ಬುಡದಲ್ಲಿ ಕಪ್ಪು ರಕ್ತ ಹೆಪ್ಪುಗಟ್ಟಿತ್ತು. ಅವರು ನೀಲಗಂಗಾಳ ಬೆರಳಿಗೆ ಸುತ್ತಿದ್ದ ಬಟ್ಟೆಯನ್ನು ನೋಡಿದರು. ಬಾಗಿಲ ಬಳಿ ಪಡೆಯವನು ನಿಂತಿದ್ದ. ಪಡಿಯಾರರು ಒಂದು ಮಾತು ಹೇಳಿದರೆ ಮುಗಿಯಿತು, ಇಬ್ಬರು ಮಕ್ಕಳೂ ಹೋಗುತ್ತಾರೆ. ಪಡಿಯಾರರು ಕಿರಣ ಹಾಯಿಸಿದರು. ತಿರುಳು ಹಸಿ ಎಂದು ಹಸಿರು ದೀಪ ಹತ್ತಿತು. ಗೆರೆ ಐದನೇ ತಿಂಗಳಿಂದ ಹೊರಟು ಏಳು ದಾಟಿ, ಎಂಟು ದಾಟಿ, ಎಲ್ಲೂ ಇಳಿಯದೆ ಕೊನೆಯವರೆಗೆ ಕಡಲಿನ ಮೇಲೆ ಹರಿಯಿತು. ಅವರು ನೆಲೆಪತ್ರಕ್ಕೆ ಮೊಹರು ಒತ್ತಿ ಅವಳ ಕೈಗೆ ಕೊಡುವಾಗ ಪಡೆಯವನಿಗೆ ಕೇಳಿಸದಂತೆ ಮಾತಾಡಿದರು.

"ನಮ್ಮ ಹಿರಿಯವ ಹುಟ್ಟಿದ್ದೂ ಘಟ್ಟದ ಮೇಲೆಯೇ ಮಾರಾಯ್ತಿ, ನನ್ನ ಹೆಂಡತಿಯ ತವರಿನಲ್ಲಿ. ಅವನ ಬಾಯಿ ತೆರೆಸಿ ನೋಡ್ಲಿಕ್ಕೆ ಯಾರೂ ಬರುವುದಿಲ್ಲ. ನೀನು ಹೋಗು."

ಅವಳಿಗೆ ಅವರ ಕಾಲಿಗೆ ಬೀಳಬೇಕೆನಿಸಿತು, ಅದೇ ಹೊತ್ತಿಗೆ ಅವರ ಮುಖಕ್ಕೆ ಉಗುಳಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಮಗಳ ಕೈ ಹಿಡಿದು ಮನೆಗೆ ಬಂದಳು. ತಿಪ್ಪವ್ವ ಬಾಗಿಲಲ್ಲೇ ನಿಂಬಿಗೆ ದೃಷ್ಟಿ ತೆಗೆದಳು. ಮುದಕಪ್ಪನನ್ನು ಮುರಿದ ಕೈಯಲ್ಲೇ ಗೋಡೆಗೆ ಕರೆದಿದ್ದರು, ಅವನು ಎಡಗೈಯಲ್ಲಿ ಕಲ್ಲು ಹೊತ್ತು ಆಗಷ್ಟೇ ಬಂದಿದ್ದ. ಗೋಡೆ ಮೂರು ಕಡೆ ಜಿನುಗುತ್ತಿದೆ, ಮುಚ್ಚಲು ಜನವಿಲ್ಲ ಎಂದ. ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ತುಂಗಿ ಬಾತ ಕೆನ್ನೆಗೆ ಒದ್ದೆ ಬಟ್ಟೆ ಹಿಡಿದು ಮಂಚದ ಮೇಲೆ ಮಲಗಿದ್ದಳು. ಅಕ್ಕನನ್ನು ಕಂಡು ನಗಲು ನೋಡಿದಳು, ನೋವಾಗಿ ಬಿಟ್ಟಳು. ನೀಲಗಂಗಾ ಮಂಡಕ್ಕಿ ನೆನೆಸಿ, ಹಾಲು ಸಕ್ಕರೆ ಹಾಕಿ, ಚಮಚದಲ್ಲಿ ಇಬ್ಬರಿಗೂ ತಿನ್ನಿಸಿದಳು. ಎರಡೂ ಮಕ್ಕಳು ಕಣ್ಣ ಮುಂದಿವೆ ಎಂಬುದೊಂದೇ ಅವಳಿಗೆ ಆಗ ಬೇಕಾಗಿದ್ದದ್ದು.

ಸಂಜೆ ಐದರ ಹೊತ್ತಿಗೆ ಬಾಗಿಲು ಬಡಿದ ಸದ್ದು. ತೆರೆದರೆ ಮಾಬೂಬಿ. ಇದ್ದತ್ತು ಮುರಿದು ಹೊಸ್ತಿಲು ದಾಟಿ ಬಂದಿದ್ದಳು, ಬಿಳಿ ಸೀರೆ, ಒಂದು ಕೈಯಲ್ಲಿ ಪ್ಯಾರಿಮಾಳ ಕೈ, ಇನ್ನೊಂದರಲ್ಲಿ ನೋಟೀಸು. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆ.

ಅವಳು ಒಳಗೆ ಬಂದು ಗೋಡೆಗೆ ಒರಗಿ ನಿಂತಳು. ಕೂತುಕೋ ಎಂದರೆ ಕೂರಲಿಲ್ಲ.

"ನಡುವಿನ ಗೋಡಿ ತೆಳ್ಳಗೈತಿ ನೀಲಕ್ಕ. ನಿನ್ನೆ ತುಂಗಿ ಒದರಿದ್ದು ಪೂರಾ ಕೇಳೇನಿ. ಇವತ್ತ ನಿಂಬಿ ವಾಪಸ್ ಬಂದದ್ದೂ ನೋಡೇನಿ. ಯಾರ ಮುಂದೂ ಹೇಳಾಂಗಿಲ್ಲ. ಹೇಳೂದಿದ್ದರ ಆಗಲೇ ಹೇಳತಿದ್ದೆ. ಆದರ ನನಗ ಎರಡನೇ ಕೂಸಿಲ್ಲ."

ಅವಳಿಗೆ ಬೇಕಾದದ್ದೇನೆಂದು ನೀಲಗಂಗಾಳಿಗೆ ಆಗಲೇ ಅರ್ಥವಾಗಿತ್ತು. ತುಂಗಿಯ ಬಾಯಲ್ಲಿ ಕೆಳಗಿನ ಬಲದವಡೆಯ ಹಲ್ಲು ಇನ್ನೂ ಇತ್ತು. ಎಡಬಲದ ವ್ಯತ್ಯಾಸ ಯಂತ್ರಕ್ಕೆ ತಿಳಿಯುವುದಿಲ್ಲ, ಅರದಿಂದ ನಾಲ್ಕು ಸಲ ಸವರಿದರೆ ಪ್ಯಾರಿಮಾಳ ಒಸಡಿನಲ್ಲಿ ಕೂರುತ್ತದೆ. ಇದು ಸಾಧ್ಯ ಎಂದು ತನಗೆ ಗೊತ್ತಿರುವುದಕ್ಕೇ ಅವಳಿಗೆ ಭಯವಾಯಿತು. ತಿಪ್ಪವ್ವ ಎದ್ದು ನಿಂತು ಮೊಮ್ಮಗಳಿಗೆ ಅಡ್ಡವಾದಳು. ನೀನು ಹೊರಗೆ ನಡಿಯವ್ವಾ ಎಂದು ಮಾಬೂಬಿಗೆ ಕೈಮುಗಿದಳು. ಮಾಬೂಬಿ ಅವಳ ಕಡೆ ನೋಡಲೂ ಇಲ್ಲ.

"ಆಕಿ ಆರು ವರ್ಷದ ಕೂಸು, ಮಾಬೂಬಿ," ಎಂದಳು ನೀಲಗಂಗಾ. "ನಿನ್ನೇನs ಹರದೀನಿ ಆಕೀನ ಬಾಯಿ."

"ನಮ್ಮಕೀಗಿ ಎಂಟು. ಶಿಬಿರದಾಗ ಸತ್ತ ಆರು ಕೂಸಗೋಳೂ ಅಷ್ಟಷ್ಟs ಇದ್ದುವು." ಮಾಬೂಬಿಯ ದನಿ ಏರಲಿಲ್ಲ. ಅವಳು ಮೂಲೆಯಲ್ಲಿ ಕೂತಿದ್ದ ಮುದಕಪ್ಪನ ಕಡೆಗೆ ಮುಖ ಮಾಡಿದಳು. "ಅಣ್ಣಾ, ನಿಮ್ಮ ಮ್ಯಾಲ ಬಂದು ಬೀಳೂವಾಗ ನಮ್ಮವರು ನೋವಾಕ್ಕೈತೇನು ಅಂತ ಕೇಳಲಿಲ್ಲ."

ಪ್ಯಾರಿಮಾ ತಾಯಿಯ ಸೆರಗಿನ ಮರೆಯಿಂದ ನಿಂಬಿಯನ್ನು ನೋಡುತ್ತಿದ್ದಳು. ಅವರಿಬ್ಬರೂ ಒಂದೇ ಬೆಂಚಿನಲ್ಲಿ ಕೂರುವವರು. ನೀಲಗಂಗಾ ಮೂರು ಮಕ್ಕಳನ್ನೂ ಒಮ್ಮೆ ನೋಡಿದಳು. ಹಲ್ಲು ಸುಳ್ಳು ಹೇಳುವುದಿಲ್ಲ ಎಂದು ಸಭೆಯಲ್ಲಿ ಎದ್ದು ನಿಂತು ಹೇಳುವಾಗ ತನಗೆ ಚಪ್ಪಾಳೆ ಬಿದ್ದಿತ್ತು. ರಾಜೇಸಾಬ ಈ ಕೋಣೆಯಲ್ಲಿಲ್ಲದಿರುವುದಕ್ಕೆ ಕಾರಣ ತಾನು. ಮುದಕಪ್ಪ ಇಲ್ಲಿರುವುದಕ್ಕೆ ಕಾರಣ ಅವನು. ಇಷ್ಟು ಅವಳಿಗೆ ನಿಚ್ಚಳವಾಗಿ ತಿಳಿಯಿತು, ತಿಳಿದದ್ದರಿಂದ ಎದೆಯ ಉರಿ ಒಂದಿಷ್ಟೂ ಕಡಿಮೆಯಾಗಲಿಲ್ಲ.

ಮುದಕಪ್ಪ ಎದ್ದ. ಬಾಗಿಲಿಗೆ ಹೋಗಿ, ಮಾಬೂಬಿಯನ್ನೂ ಪ್ಯಾರಿಮಾಳನ್ನೂ ಒಳಗೇ ಇಟ್ಟುಕೊಂಡು ಅಗುಳಿ ಹಾಕಿದ. ತಿಪ್ಪವ್ವ ನಿಂತಲ್ಲೇ ಕುಸಿದು ಮುಖದ ಮೇಲೆ ಸೆರಗು ಎಳೆದುಕೊಂಡಳು. ನೀಲಗಂಗಾ ಒಲೆಯ ಮೇಲೆ ನೀರಿಟ್ಟು ಇಕ್ಕಳವನ್ನು ಅದರಲ್ಲಿ ಹಾಕಿದಳು.

ತಿರುಗಿ ನೋಡಿದರೆ ಮಂಚದ ಮೇಲೆ ತುಂಗಿ ಇರಲಿಲ್ಲ. ಬಗ್ಗಿ ನೋಡಿದಳು. ಮಂಚದ ಕೆಳಗೆ, ಗೋಡೆಯ ಮೂಲೆಗೆ ಅಂಟಿಕೊಂಡು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಮಗು ಕೂತಿತ್ತು. ಅಳುತ್ತಿರಲಿಲ್ಲ. ಬೆರಳುಗಳ ಸಂದಿಯಿಂದ ತೊದಲುತ್ತ ಹೇಳಿತು.

"ನನ್ನವು ಮುಗದಾವವ್ವಾ. ಇನ್ನ ಇಲ್ಲ."

ನೀಲಗಂಗಾ ನೆಲಕ್ಕೆ ಎದೆ ಹಚ್ಚಿ ಮಲಗಿ, ಮಂಚದ ಕೆಳಗೆ ಕೈ ಚಾಚಿ, ಮಗಳ ಕಾಲು ಹಿಡಿದು ಹೊರಕ್ಕೆ ಎಳೆದಳು.